ಕೊಟ್ಟಿಗೆಯಿಂದ ಕಬ್ಬಿನ ಹೊಲದವರೆಗೆ: ಇಲಿಜ್ವರದ ಕುರಿತು ಸದಸ್ಯರ ಗಮನಕ್ಕೆ



ಗ್ರಾಮದಲ್ಲಿ ಎಮ್ಮೆಯೊಂದು ದಿನ ತುಂಬುವ ಮುನ್ನವೇ ಕಂದು ಹಾಕಿದರೆ ಅದನ್ನು ಆ ಮನೆಯವರ ನಷ್ಟವೆಂದಷ್ಟೇ ಪರಿಗಣಿಸುವುದು ರೂಢಿ. ಅದು ಇಡೀ ಓಣಿಗೆ ಸಂಬಂಧಿಸಿದ ಮುನ್ಸೂಚನೆಯೂ ಆಗಿರಬಹುದು. ಲೆಪ್ಟೋಸ್ಪೈರಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ಲೆಪ್ಟೋಸ್ಪೈರೋಸಿಸ್, ಅಂದರೆ ಇಲಿಜ್ವರ, ಪ್ರಾಣಿಗಳಿಂದ ಮನುಷ್ಯರಿಗೆ ಹರಡುವ ರೋಗವಾಗಿದೆ.

ಹೆಸರು ಇಲಿಯದಾದರೂ ದನ, ಎಮ್ಮೆ, ಹಂದಿ, ನಾಯಿಗಳಲ್ಲಿಯೂ ಕಾಡುಹಂದಿ, ಮುಂಗುಸಿಗಳಂತಹ ವನ್ಯಪ್ರಾಣಿಗಳಲ್ಲಿಯೂ ಈ ಸೋಂಕು ಕಂಡುಬರುತ್ತದೆ. ಇಲಿ, ಹೆಗ್ಗಣಗಳು ಕಾಯಿಲೆ ಬೀಳದೆಯೇ ದೀರ್ಘಕಾಲ ರೋಗಾಣುವನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಗುಣಮುಖವಾದ ಜಾನುವಾರುಗಳೂ ತಿಂಗಳುಗಟ್ಟಲೆ ಹಾಗೆಯೇ ಮಾಡಬಲ್ಲವು. ಬಿಸಿಲಿನಲ್ಲಿ ಒಣಗಿದರೆ ಈ ಅಣು ಬೇಗ ಸಾಯುತ್ತದೆ. ಒದ್ದೆ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ವಾರಗಟ್ಟಲೆ ಬದುಕುತ್ತದೆ. ಅಲ್ಲಿಂದ ಕಾಲಿನ ಗಾಯ, ಬಿರುಕು, ಕಣ್ಣು, ಮೂಗು, ಬಾಯಿಗಳ ಮೂಲಕ ಮನುಷ್ಯನ ದೇಹವನ್ನು ಸೇರುತ್ತದೆ.

2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳಿನ ಪ್ರವಾಹಗಳನ್ನು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ನದಿತೀರದವರು ಮರೆತಿಲ್ಲ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿದಾಗ ಬಿಲಗಳು ಮುಳುಗಿ ಇಲಿಗಳು ಊರಿನತ್ತ ಬರುತ್ತವೆ. ಜನ, ಜಾನುವಾರು ಒಂದೇ ಆಶ್ರಯತಾಣದಲ್ಲಿರುತ್ತಾರೆ. ನೀರು ಇಳಿದ ಬಳಿಕ ಬರಿಗಾಲಿನಲ್ಲಿ ಕೆಸರು ತೆಗೆಯುವ ಕಾಲವೇ ಹೆಚ್ಚು ಅಪಾಯಕಾರಿ.

ಕಬ್ಬಿನ ಹೊಲವನ್ನು ಪ್ರತ್ಯೇಕವಾಗಿ ಪ್ರಸ್ತಾಪಿಸಬೇಕಾಗಿದೆ. ತೇವ, ನೆರಳು, ಇಲಿ, ಜೊತೆಗೆ ಅಲಗಿನಂತಹ ಎಲೆಯಿಂದ ಕೈಕಾಲಿಗೆ ಗಾಯ: ಸೋಂಕಿಗೆ ಬೇಕಾದ ಎಲ್ಲವೂ ಅಲ್ಲಿವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 1930ರ ದಶಕದಲ್ಲಿ ಕಟಾವು ಕಾರ್ಮಿಕರು ಇದೇ ರೋಗಕ್ಕೆ ತುತ್ತಾಗಿ, ಕಡಿಯುವ ಮೊದಲು ಕಬ್ಬನ್ನು ಸುಡಬೇಕೆಂದು ಮುಷ್ಕರ ಹೂಡಿದರು. ನಮ್ಮಲ್ಲಿ ಸುಟ್ಟ ಕಬ್ಬಿಗೆ ದರ ಕಡಿತವಾಗುವುದರಿಂದ ಆ ಉಪಾಯ ರೈತರಿಗೆ ಒಗ್ಗುವಂಥದ್ದಲ್ಲ. ಗಮ್ ಬೂಟು, ಕೈಗವಸು ಅದಕ್ಕಿಂತ ಅಗ್ಗ. ಹಂಗಾಮಿಗೆ ಹೊರಗಿನಿಂದ ಬರುವ ಗ್ಯಾಂಗುಗಳ ಗುಡಿಸಲುಗಳು ಯಾರ ಪಟ್ಟಿಯಲ್ಲಿಯೂ ಇರುವುದಿಲ್ಲವಾದ್ದರಿಂದ, ಆಶಾ ಕಾರ್ಯಕರ್ತೆಯರ ಭೇಟಿಯಲ್ಲಿ ಅವುಗಳನ್ನೂ ಸೇರಿಸುವಂತೆ ವಾರ್ಡಿನ ಸದಸ್ಯರು ನೋಡಿಕೊಳ್ಳಬೇಕು.

ಸೋಂಕು ತಗುಲಿದ ಬಳಿಕ ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ ಹಠಾತ್ ಜ್ವರ, ತಲೆನೋವು, ಮೀನಖಂಡಗಳಲ್ಲಿ ತೀವ್ರ ನೋವು, ಕಣ್ಣು ಕೆಂಪಾಗುವಿಕೆ ಕಾಣಿಸಿಕೊಳ್ಳುತ್ತವೆ. ಡೆಂಗಿ ಎಂದು ತಪ್ಪು ತಿಳಿಯುವುದು ಸುಲಭ. ಕೆಲವರಲ್ಲಿ ಕಾಮಾಲೆ, ಮೂತ್ರಪಿಂಡದ ವೈಫಲ್ಯ, ಶ್ವಾಸಕೋಶದ ರಕ್ತಸ್ರಾವ ಉಂಟಾಗಿ ಪ್ರಾಣಕ್ಕೆ ಎರವಾಗುತ್ತದೆ. ಆರಂಭದಲ್ಲಿಯೇ ಡಾಕ್ಸಿಸೈಕ್ಲಿನ್, ಪೆನಿಸಿಲಿನ್‌ನಂತಹ ಸಾಮಾನ್ಯ ಔಷಧಗಳಿಂದ ಗುಣಪಡಿಸಬಹುದು. ಆದ್ದರಿಂದ ಕೆಸರಿನಲ್ಲಿ, ಕೊಟ್ಟಿಗೆಯಲ್ಲಿ ಅಥವಾ ಕಬ್ಬಿನ ಹೊಲದಲ್ಲಿ ದುಡಿದಿರುವುದನ್ನು ರೋಗಿಯು ವೈದ್ಯರಿಗೆ ತಾನಾಗಿಯೇ ತಿಳಿಸುವುದು ಅತ್ಯಗತ್ಯ.

ಜಾನುವಾರುಗಳಲ್ಲಿ ಗರ್ಭದ ಕೊನೆಯ ತಿಂಗಳುಗಳಲ್ಲಿ ಗರ್ಭಪಾತ, ನಾಲ್ಕೂ ಮೊಲೆಗಳಲ್ಲಿ ಒಮ್ಮೆಲೇ ಹಾಲು ಕುಗ್ಗುವುದು, ಕರುಗಳಲ್ಲಿ ಕೆಂಪು ಮೂತ್ರ ಇದರ ಲಕ್ಷಣಗಳು. ಬ್ರುಸೆಲ್ಲಾ ರೋಗದಲ್ಲಿಯೂ ಗರ್ಭಪಾತವಾಗುತ್ತದೆ. ಆದರೆ ಹೆಣ್ಣು ಕರುಗಳಿಗೆ ಹಾಕಿಸುವ ಬ್ರುಸೆಲ್ಲಾ ಲಸಿಕೆ ಇಲಿಜ್ವರವನ್ನು ತಡೆಯುವುದಿಲ್ಲ. ಪರೀಕ್ಷೆಯಿಂದ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ಪ್ರವಾಹದ ನಂತರ ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸಿದೊಡನೆ ಕರ್ತವ್ಯ ಮುಗಿಯಿತೆಂಬ ಭಾವನೆ ಸಾಮಾನ್ಯವಾಗಿದೆ. ಅದು ಬೇಕೇ ಬೇಕು. ಆದರೆ ಈ ರೋಗವು ಬಹುಪಾಲು ಬರುವುದು ತುಳಿದ ನೀರಿನಿಂದ. ಕೊಟ್ಟಿಗೆಯ ಗಂಜಲ ರಸ್ತೆಯ ಗಟಾರಕ್ಕೆ ಹರಿದು ಶಾಲೆಯ ಮುಂದೆ ನಿಲ್ಲುತ್ತಿದ್ದರೆ ಅದೇ ಮೊದಲು ಸರಿಯಾಗಬೇಕಾದ ಸ್ಥಳ. ಉದ್ಯೋಗ ಖಾತರಿಯ ಕ್ರಿಯಾಯೋಜನೆಯಲ್ಲಿ ದನದ ಕೊಟ್ಟಿಗೆ, ಬಚ್ಚಲು ಗುಂಡಿ ಕಾಮಗಾರಿಗಳನ್ನು ಆಯ್ಕೆ ಮಾಡುವಾಗ ಇಂತಹ ಓಣಿಗಳಿಗೆ ಆದ್ಯತೆ ನೀಡಬೇಕು.

ಕಂದು ಹಾಕಿದ ಕರುವನ್ನೂ ಮಾಸನ್ನೂ ಬರಿಗೈಯಿಂದ ಮುಟ್ಟದೆ, ನಾಯಿಗಳಿಗೆ ಸಿಗದಂತೆ, ಬಾವಿ ಮತ್ತು ಹಳ್ಳದಿಂದ ದೂರ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿಸಬೇಕು. ಹೂಳುವ ಮೊದಲು ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿಸಿರಿ. ಮಾದರಿ ಸಂಗ್ರಹಿಸಬೇಕೆ ಎಂಬುದನ್ನು ಪಶುವೈದ್ಯರು ನಿರ್ಧರಿಸುತ್ತಾರೆ.