ನಿಮಗಿದು ಗೊತ್ತೇ? ಗೇರ್ ಸೈಕಲ್‌ಗೆ ಮುಂದೆ ಒಂದೇ ಚೈನ್‌ರಿಂಗ್ ಸಾಕು!

● 27 ಸ್ಪೀಡ್ ಸೈಕಲ್ ಎಂದರೆ 27 ಬೇರೆ ಬೇರೆ ಗೇರು ಎಂದುಕೊಂಡಿದ್ದೀರಾ? ಮುಂದೆ ಪೆಡಲ್ ಬಳಿ 44, 32, 22 ಹಲ್ಲಿನ ಮೂರು ಚೈನ್‌ರಿಂಗ್, ಹಿಂದೆ 11ರಿಂದ 34 ಹಲ್ಲಿನವರೆಗೆ ಒಂಬತ್ತು ಚಕ್ರದ ಕ್ಯಾಸೆಟ್ ಇರುವ ಮೌಂಟನ್ ಬೈಕನ್ನೇ ನೋಡಿ. ಚೈನು 44-34ರಲ್ಲಿ ಇದ್ದರೂ 22-17ರಲ್ಲಿ ಇದ್ದರೂ ತುಳಿಯುವ ಭಾರ ಒಂದೇ. 44-30 ಮತ್ತು 22-15, 44-26 ಮತ್ತು 22-13 ಕೂಡ ಹಾಗೆಯೇ. ಚೈನು ತೀರಾ ಓರೆಯಾಗುವ ಜೋಡಿಗಳನ್ನೂ ಕಳೆದರೆ ಎಷ್ಟೋ ಗೇರುಗಳು ಲೆಕ್ಕಕ್ಕುಂಟು, ಆಟಕ್ಕಿಲ್ಲ.

● ಮೌಂಟನ್ ಬೈಕಿನ ತವರು ಅಮೆರಿಕದ ಕ್ಯಾಲಿಫೋರ್ನಿಯಾ. 1970ರ ದಶಕದಲ್ಲಿ ಅಲ್ಲಿನ ಮರಿನ್ ಕೌಂಟಿಯ ಗುಡ್ಡಗಳಿಂದ ಹುಡುಗರು ಇಳಿಸುತ್ತಿದ್ದ ಹಳೇ ಸೈಕಲ್‌ಗಳಲ್ಲಿ ಹೆಚ್ಚಿನವಕ್ಕೆ ಗೇರೇ ಇರಲಿಲ್ಲ. 1981ರ ಸ್ಪೆಷಲೈಸ್ಡ್ ಸ್ಟಂಪ್‌ಜಂಪರ್‌ಗೆ ಮುಂದೆ ಮೂರು, ಹಿಂದೆ ಐದು. ಮುಂದಿನ ಮೂರು ಮತ್ತೆ ಒಂದಾಗಲು ದೊಡ್ಡ ಒತ್ತಾಸೆ ಕೊಟ್ಟದ್ದು 2012ರಲ್ಲಿ ಬಂದ ಸ್ರ್ಯಾಮ್ ಕಂಪನಿಯ ಎಕ್ಸ್‌ಎಕ್ಸ್1: ಹಿಂದೆ 10-42ರ ಹನ್ನೊಂದು ಚಕ್ರ. 2016ರಲ್ಲಿ ಅದೇ ಕಂಪನಿಯ 'ಈಗಲ್' ಹನ್ನೆರಡು ಚಕ್ರ, 50 ಹಲ್ಲಿಗೆ ಏರಿತು. ಆ ವರ್ಷ ರಿಯೋ ಒಲಿಂಪಿಕ್ಸ್‌ನ ಕ್ರಾಸ್‌ಕಂಟ್ರಿಯಲ್ಲಿ ಸ್ವಿಟ್ಜರ್ಲೆಂಡಿನ ನಿನೊ ಶುರ್ಟರ್ ಚಿನ್ನ ಗೆದ್ದದ್ದು ಒಂದೇ ಚೈನ್‌ರಿಂಗ್ ತುಳಿದು.

● ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಮುಂದಿನ ಡಿರೈಲರ್ ತೆಗೆದ ಮೇಲೂ ಚೈನು ಯಾಕೆ ಕಳಚುವುದಿಲ್ಲ? ಚೈನನ್ನು ಹತ್ತಿರದಿಂದ ನೋಡಿ: ಒಂದು ಕೊಂಡಿಯ ಒಳಸಂದು ಕಿರಿದು, ಪಕ್ಕದ್ದು ಅಗಲ, ಮತ್ತೆ ಕಿರಿದು. ಇಂಥ ಚೈನ್‌ರಿಂಗ್‌ನ ಹಲ್ಲುಗಳೂ ಹಾಗೆಯೇ, ಒಂದು ತೆಳು, ಒಂದು ದಪ್ಪ. ದಪ್ಪ ಹಲ್ಲು ಅಗಲದ ಕೊಂಡಿಯನ್ನು ತುಂಬಿಕೊಂಡು ಕೂರುತ್ತದೆ. ಆದ್ದರಿಂದಲೇ ಇವು 30, 32, 34 ಹೀಗೆ ಸರಿಸಂಖ್ಯೆಯ ಹಲ್ಲಿನವು; 31ರದ್ದು ಸಿಗದು. ಚೈನು ಹಾಕುವಾಗ ಒಂದು ಹಲ್ಲು ತಪ್ಪಿತೋ, ದಪ್ಪ ಹಲ್ಲಿನ ಮೇಲೆ ಅದು ಎದ್ದು ನಿಲ್ಲುತ್ತದೆ.

● ಉಳಿದ ಕಾವಲು ಹಿಂದಿನ ಡಿರೈಲರ್‌ನಲ್ಲಿರುವ ಕ್ಲಚ್‌ನದು. ಕಲ್ಲುದಾರಿಯಲ್ಲಿ ಚೈನು ಪಟಪಟ ಹೊಡೆದುಕೊಳ್ಳದಂತೆ ಅದು ಬಿಗಿ ಹಿಡಿಯುತ್ತದೆ.

● ಏರಿನಲ್ಲಿ ಕಷ್ಟವಾದೀತೆಂಬ ಹೆದರಿಕೆ ಬೇಡ. 29 ಇಂಚಿನ ಚಕ್ರದ ಸೈಕಲ್‌ನಲ್ಲಿ ಹಳೆಯ 22-34 ಗೇರಿಗೆ ಪೆಡಲ್ ಒಂದು ಸುತ್ತು ತಿರುಗಿದರೆ ಸುಮಾರು ಒಂದೂವರೆ ಮೀಟರ್ ಮುಂದೆ ಹೋಗುತ್ತೀರಿ. ಮುಂದೆ 30, ಹಿಂದೆ 46 ಹಾಕಿದರೂ ಅಷ್ಟೇ. ಕಳೆದುಕೊಳ್ಳುವುದೆಲ್ಲ ಮೇಲಿನ ತುದಿಯಲ್ಲಿ: ನಿಮಿಷಕ್ಕೆ 90 ಸುತ್ತು ತುಳಿದರೆ 44-11ರಲ್ಲಿ ಗಂಟೆಗೆ ಸುಮಾರು 50 ಕಿ.ಮೀ., 30-11ರಲ್ಲಿ 34. ನಂದಿಬೆಟ್ಟ ಹತ್ತುವವರಿಗೆ ಇದೇನೂ ನಷ್ಟವಲ್ಲ. ಹೆದ್ದಾರಿಯಲ್ಲಿ ರೋಡ್ ಬೈಕ್‌ಗಳ ಬೆನ್ನು ಹತ್ತುವವರು ಮಾತ್ರ ಈ ಗೋಜಿಗೆ ಹೋಗದಿರುವುದು ಲೇಸು.

● ಮುಂದೆ ಮೂರರ ಜಾಗದಲ್ಲಿ ಒಂದೇ ಚೈನ್‌ರಿಂಗ್ ಕೂರಿಸಲು ಗಿಡ್ಡ ಬೋಲ್ಟ್‌ಗಳೇ ಬೇಕು. ಹಳೆಯವು ಪೂರ್ತಿ ಬಿಗಿಯಾಗವು. ಕೂರಿಸುವ ಜಾಗ, ಮೊದಲು ನಡುವಿನದು ಇದ್ದಲ್ಲಿ.

● ಹಿಂದೆ ದೊಡ್ಡ ಚಕ್ರ ಹಾಕಿದಾಗ ಹಳೆಯ ಚೈನು ಸಾಲದೇ ಬರಬಹುದು. ಅಳತೆ ಸುಲಭ: ಡಿರೈಲರ್‌ಗೆ ತೂರಿಸದೆ, ಮುಂದಿನ ಚೈನ್‌ರಿಂಗ್ ಮತ್ತು ಹಿಂದಿನ ಅತಿ ದೊಡ್ಡ ಚಕ್ರಕ್ಕೆ ಸುತ್ತಿ, ತುದಿ ಕೂಡುವಲ್ಲಿಂದ ಇನ್ನೆರಡು ಕೊಂಡಿ ಬಿಟ್ಟು ಕತ್ತರಿಸಿ. ಮುಂದೆ-ಹಿಂದೆ ಎರಡೂ ಕಡೆ ಸಸ್ಪೆನ್ಷನ್ ಇದ್ದರೆ ಈ ಲೆಕ್ಕ ನಡೆಯದು, ಮೆಕ್ಯಾನಿಕ್‌ಗೆ ಬಿಡಿ.

● ಮುಂದಿನ ಗೇರು ಬದಲಿಸುತ್ತಿದ್ದ ಎಡ ಹೆಬ್ಬೆರಳಿಗೆ ಕೆಲಸ ತಪ್ಪಿತಲ್ಲ? ಆ ಜಾಗಕ್ಕೆ ಈಗ ಸೀಟನ್ನು ಇಳಿಸಿ ಏರಿಸುವ ಡ್ರಾಪರ್‌ನ ಲಿವರ್ ಬಂದಿದೆ.

● 10 ಹಲ್ಲಿನ ಚಕ್ರ, ಕ್ಯಾಸೆಟ್ ಕೂರಿಸುವ ಹಳೆಯ ಫ್ರೀಹಬ್‌ನ ಮೇಲೆ ಕೂರದು, ಅದಕ್ಕೆ ಬೇರೆಯದೇ ಫ್ರೀಹಬ್ ಬೇಕು. 11-42, 11-46 ಕ್ಯಾಸೆಟ್‌ಗಳು ಕೂರುತ್ತವೆ. ಆದರೆ ಹಳೆಯ ಡಿರೈಲರ್‌ಗಳಲ್ಲಿ ಬಹುಪಾಲು 34-36 ಹಲ್ಲಿಗಷ್ಟೇ ಮಾಡಿದವು, ಅದನ್ನೂ ಬದಲಿಸಬೇಕಾದೀತು. ನಮ್ಮಲ್ಲಿ ಅಗ್ಗಕ್ಕೆ ಸಿಗುವ ಅನೇಕ ಗೇರ್ ಸೈಕಲ್‌ಗಳಲ್ಲಂತೂ ಇರುವುದು ಕ್ಯಾಸೆಟ್ ಅಲ್ಲ, ತಿರುಗಿಸಿ ಕೂರಿಸುವ ಫ್ರೀವೀಲ್. ಅವಕ್ಕೆ ಹಬ್ಬಿನಿಂದಲೇ ಖರ್ಚು ಶುರು. ಮೂಗಿಗಿಂತ ಮೂಗುತ್ತಿ ಭಾರ! ದುಡ್ಡು ಬಿಚ್ಚುವ ಮುನ್ನ ಹಿಂದಿನ ಚಕ್ರ ಕಳಚಿ, ಹಲ್ಲುಚಕ್ರಗಳನ್ನು ಹಿಮ್ಮುಖವಾಗಿ ತಿರುಗಿಸಿ ನೋಡಿ. ನಡುವೆ ಸ್ಪ್ಯಾನರ್ ಕೂರುವ ಕಚ್ಚುಗಳೂ ಜೊತೆಗೆ ತಿರುಗಿದರೆ ಅದು ಕ್ಯಾಸೆಟ್. ನಿಂತಲ್ಲೇ ನಿಂತರೆ ಫ್ರೀವೀಲ್.