ಉಪ್ಪು ಬಿದ್ದಾಗ ಈಸ್ಟ್ ಯಾಕೆ ಸುಮ್ಮನಾಗುತ್ತೆ?

ಇವತ್ತಿನ ಎಪಿಸೋಡ್ ಶುರುವಾಗೋದು ಗುಂಡ್ಲುಪೇಟೆಯ ಒಂದು ಪುಟ್ಟ ಬೇಕರಿಯಿಂದ. ನಮ್ಮ ಮಾವಂದು ಅದು. ಹೋದ ವರ್ಷ ಒಂದು ಬೆಳಿಗ್ಗೆ ಬನ್ನಿನ ಹಿಟ್ಟು ಉಬ್ಬಲೇ ಇಲ್ಲ. ಕೆಲಸದ ಹುಡುಗ ಮರೆತು ಎರಡು ಸಲ ಉಪ್ಪು ಹಾಕಿದ್ದ. ಚಾಮರಾಜನಗರದ ಮದುವೆಮನೆಗೆ ಹೋಗಬೇಕಿದ್ದ ಆರ್ಡರ್ ಕೈತಪ್ಪಿತು. 'ಈಸ್ಟ್ ಸತ್ತೋಯ್ತು' ಅಂತ ಮಾವ ಅಷ್ಟೂ ಹಿಟ್ಟು ಚೆಲ್ಲಿಸಿ, ಹುಡುಗನ ಎರಡು ದಿನದ ಕೂಲಿ ಹಿಡಿದರು.

ನಾನು ಬಿ.ಕಾಂ. ಓದಿದವನು. ಆವತ್ತು ಬಾಯಿ ಬಿಡಲಿಲ್ಲ. ಆಮೇಲೆ ಓದ್ತಾ ಓದ್ತಾ ಗೊತ್ತಾಯ್ತು, ಅಷ್ಟು ಉಪ್ಪಿಗೆ ಈಸ್ಟ್ ಸಾಯೋದು ಕಡಿಮೆ. ಅದು ಬ್ರೇಕ್ ಹಾಕಿ ಕೂರುತ್ತೆ.

ಕೋವಿಡ್ ಲಸಿಕೆ ಕಾಲದಲ್ಲಿ ಎಂಆರ್‌ಎನ್‌ಎ ಅನ್ನೋ ಪದ ಕೇಳಿರ್ತೀರಿ. ಡಿಎನ್‌ಎಯಲ್ಲಿರುವ ಪ್ರೋಟೀನ್ ರೆಸಿಪಿಯ ನಕಲು ಅದು. ರೈಬೋಸೋಮ್ ಅನ್ನೋ ಯಂತ್ರ ಆ ನಕಲು ಓದಿ ಪ್ರೋಟೀನ್ ಕಟ್ಟುತ್ತೆ. ಆದರೆ ಜೀವಕೋಶದಲ್ಲಿ ಯಾವ ರೆಸಿಪಿಯನ್ನೂ ಹೊರದ ಆರ್‌ಎನ್‌ಎಗಳೂ ಇವೆ. ಇವೇ ನಾನ್-ಕೋಡಿಂಗ್ ಆರ್‌ಎನ್‌ಎ. ನಮ್ಮ ದೇಹದಲ್ಲಿ ಈ ಕೆಲಸಕ್ಕೆ ಮೈಕ್ರೋಆರ್‌ಎನ್‌ಎ ಅನ್ನೋ ದೊಡ್ಡ ಪಡೆಯೇ ಇದೆ. ಬೇಕರಿ ಈಸ್ಟ್‌ಗೆ ಅದಿಲ್ಲ. ಹಾಗಾದ್ರೆ ಅದು ಏನು ಮಾಡುತ್ತೆ?

2014ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ನಾರ್ಬರ್ಟ್ ಪೊಲಾಚೆಕ್ ತಂಡ ಇದಕ್ಕೊಂದು ಉತ್ತರ ಕೊಟ್ಟಿತು. ಈಸ್ಟ್‌ಗೆ ಜೋರು ಉಪ್ಪು ತಗುಲಿದಾಗ ಬರೀ 18 ಅಕ್ಷರದ ಒಂದು ಆರ್‌ಎನ್‌ಎ ತುಂಡು ನೇರ ಹೋಗಿ ರೈಬೋಸೋಮ್‌ಗೆ ಅಂಟಿಕೊಳ್ಳುತ್ತೆ. ಪ್ರೋಟೀನ್ ಉತ್ಪಾದನೆ ಇಳಿಯುತ್ತೆ. ತಮಾಷೆ ಅಂದ್ರೆ ಆ ತುಂಡು ಬಂದಿರೋದು ಟಿಆರ್‌ಎಂ10 ಅನ್ನೋ ಜೀನಿನ ಎಂಆರ್‌ಎನ್‌ಎಯಿಂದಲೇ. ಹಳೇ ರೆಸಿಪಿ ಹಾಳೆಯ ಒಂದು ಚೂರು ಹರಿದು, ಅದನ್ನೇ ಮಿಕ್ಸಿ ಬಾಯಿಗೆ ತುರುಕಿದ ಹಾಗೆ! ಈ ತುಂಡು ತಯಾರಿಸಲಾಗದ ಈಸ್ಟ್ ಉಪ್ಪಿನಲ್ಲಿ ಸರಿಯಾಗಿ ಬೆಳೆಯಲಿಲ್ಲ. ಅಂದ್ರೆ ಬ್ರೇಕ್ ಇಲ್ಲದಿದ್ರೆ ಅದಕ್ಕೇ ನಷ್ಟ.

ಯಾಕೆ ನಷ್ಟ? ಪ್ರೋಟೀನ್ ಕಟ್ಟೋದು ಕೋಶಕ್ಕೆ ತುಂಬಾ ದುಬಾರಿ ಖರ್ಚು. ಹೊರಗೆ ಉಪ್ಪು ಜಾಸ್ತಿಯಾದ್ರೆ ಒಳಗಿನ ನೀರು ಹೊರಕ್ಕೆ ಹೋಗುತ್ತೆ. ಆಗ ಈಸ್ಟ್ ಮೊದಲು ಗ್ಲಿಸರಾಲ್ ಕೂಡಿಟ್ಟು ನೀರು ಉಳಿಸಿಕೊಳ್ಳಬೇಕು. ಮಿಕ್ಕಿದ್ದೆಲ್ಲ ಆಮೇಲೆ. ಕಷ್ಟಕಾಲದಲ್ಲಿ ಕ್ಯಾಶ್ ಹಿಡಿದಿಟ್ಟುಕೊಳ್ಳೋದು ಅಂತೀವಲ್ಲ, ನನ್ನ ಕಾಮರ್ಸ್ ತಲೆಗೆ ಅರ್ಥವಾಗಿದ್ದು ಹಾಗೆ.

ಹಸಿವಿನಲ್ಲಿ ಕಥೆ ಬೇರೆ. ಅಮೈನೋ ಆಮ್ಲ ಹೊತ್ತು ತರೋ ಟಿಆರ್‌ಎನ್‌ಎ ಕೂಡ ನಾನ್-ಕೋಡಿಂಗ್ ಆರ್‌ಎನ್‌ಎನೇ. ತೆರಕಣಾಂಬಿ ತರಕಾರಿ ಮಾರುಕಟ್ಟೆ ಮುಂದೆ ಖಾಲಿ ಲಾರಿಗಳೇ ನಿಂತಿದ್ರೆ ಮಾಲು ಬಂದಿಲ್ಲ ಅಂತ ಯಾರಿಗಾದ್ರೂ ಗೊತ್ತಾಗುತ್ತೆ. ಹಾಗೇ ಖಾಲಿ ಟಿಆರ್‌ಎನ್‌ಎ ಹೆಚ್ಚಾದಾಗ ಜಿಸಿಎನ್2 ಅನ್ನೋ ಪ್ರೋಟೀನ್ ಎಚ್ಚರಗೊಂಡು ಉತ್ಪಾದನೆ ತಗ್ಗಿಸುತ್ತೆ. ಆದರೆ ಪೂರ್ತಿ ಬಂದ್ ಅಲ್ಲ. ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ ಇದೆಯಲ್ಲ, ಆದ್ರೂ ಆಂಬುಲೆನ್ಸ್ ಮತ್ತು ಕೆಲವೇ ಬಸ್‌ಗಳಿಗೆ ಗೇಟ್ ತೆಗೀತಾರೆ. ಇಲ್ಲೂ ಜಿಸಿಎನ್4 ಅನ್ನೋ ಒಂದು ರೆಸಿಪಿಗೆ ದಾರಿ ಬಿಡ್ತಾರೆ. ಅದು ಅಮೈನೋ ಆಮ್ಲ ತಯಾರಿಸೋ ಜೀನ್‌ಗಳನ್ನ ಆನ್ ಮಾಡುತ್ತೆ. ಅಮೆರಿಕದ ಅಲನ್ ಹಿನ್ನೆಬುಷ್ ದಶಕಗಳ ಕಾಲ ಬಿಡಿಸಿದ ಒಗಟು ಇದು. ಹೆಚ್ಚು ಕಡಿಮೆ ಇದೇ ಜಿಸಿಎನ್2 ನಮ್ಮ ಕೋಶಗಳಲ್ಲೂ ಇದೆ.

ಇದನ್ನ ಕಲಿಯೋಕೆ ವಿದೇಶಕ್ಕೇ ಹೋಗಬೇಕಿಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಪುರುಷಾರ್ಥ್ ರಾಜ್ಯಗುರು ಅವರ ಲ್ಯಾಬ್ ಈಸ್ಟ್ ಇಟ್ಟುಕೊಂಡೇ ಎಂಆರ್‌ಎನ್‌ಎಗೆ ಬ್ರೇಕ್ ಹಾಕೋ ಪ್ರೋಟೀನ್‌ಗಳನ್ನ ಅಧ್ಯಯನ ಮಾಡ್ತಿದೆ.

ಒಂದು ಮಾತು ಸ್ಪಷ್ಟ ಮಾಡ್ತೀನಿ. ಬರ್ನ್ ಪ್ರಯೋಗದ ಉಪ್ಪು ಒಂದು ಮೋಲಾರ್, ಲೀಟರಿಗೆ ಸುಮಾರು 58 ಗ್ರಾಂ. ಸಮುದ್ರದ ನೀರಲ್ಲಿರೋದು 35 ಗ್ರಾಂ ಆಸುಪಾಸು. ಮಾವನ ಹಿಟ್ಟಿನಲ್ಲಿ ಇದೇ 18 ಅಕ್ಷರದ ತುಂಡು ಕೆಲಸ ಮಾಡ್ತು ಅಂತ ನಾನು ಹೇಳ್ತಿಲ್ಲ. ಆದರೆ ಇನ್ನಷ್ಟು ಮೈದಾ, ನೀರು ಸೇರಿಸಿ ಉಪ್ಪು ತೆಳು ಮಾಡಿ ಕಾದಿದ್ರೆ ಹಿಟ್ಟು ಉಬ್ಬೋ ಸಾಧ್ಯತೆ ಚೆನ್ನಾಗಿಯೇ ಇತ್ತು. ಚೆಲ್ಲಿದ್ದು ಹುಡುಗ ಅಲ್ವಲ್ಲ.

ಮಾವನಿಗೆ ಇದನ್ನ ಹೇಳಿದೆ. ಪೂರ್ತಿ ನಂಬಲಿಲ್ಲ. ಆದ್ರೆ ಮುಂದಿನ ವಾರ ಹುಡುಗನಿಗೆ ಹಿಡಿದಿದ್ದ ಕೂಲಿ ಸೇರಿಸಿ ಕೊಟ್ರು, ಉಪ್ಪಿನ ಡಬ್ಬದೊಳಗೆ ಒಂದು ಅಳತೆ ಲೋಟವೂ ಬಂತು.