ಮೊಂಡಾದ ಹತ್ಯಾರಗಳ ಬೆಲೆ

ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಿ, ಎರಡು ಮೂರು ಲೇತ್‌ಗಳನ್ನಿಟ್ಟುಕೊಂಡು ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗಗಳನ್ನು ಮಾಡಿಕೊಡುವ ಸಣ್ಣ ವರ್ಕ್‌ಶಾಪೊಂದನ್ನು ಹೊಕ್ಕು ನೋಡಿದರೆ, ಯಂತ್ರದ ಮಗ್ಗುಲಲ್ಲಿ ತಗಡಿನ ಡಬ್ಬವೊಂದು ಕಣ್ಣಿಗೆ ಬೀಳುವುದುಂಟು. ಮೂಲೆ ಸವೆದ ಇನ್ಸರ್ಟುಗಳು, ಮುರಿದ ಡ್ರಿಲ್‌ಗಳು, ಹಲ್ಲು ಸಿಡಿದ ಎಂಡ್ ಮಿಲ್‌ಗಳು, ಟ್ಯಾಪ್‌ಗಳು ಅದರಲ್ಲಿ ಜಾತಿಭೇದವಿಲ್ಲದೆ ಬಿದ್ದಿರುತ್ತವೆ. ಡಬ್ಬ ತುಂಬಿದಾಗ ಅದನ್ನು ಕಬ್ಬಿಣದ ಚೂರುಗಳೊಡನೆ ಗುಜರಿಯವನ ತಕ್ಕಡಿಗೆ ಸುರಿದುಬಿಡುವ ಮಾಲೀಕನು, ಜಗತ್ತಿನ ದುರ್ಲಭ ಲೋಹಗಳಲ್ಲೊಂದನ್ನು ಕಬ್ಬಿಣದ ದರಕ್ಕೆ ಕೊಟ್ಟೆನೆಂಬುದನ್ನು ಅರಿಯನು.

ಆ ಲೋಹ ಟಂಗ್‌ಸ್ಟನ್. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅಮೆರಿಕದ ಟೇಲರ್ ಮತ್ತು ವೈಟ್ ಎಂಬವರ ಉಕ್ಕಿನ ಹತ್ಯಾರವು, ತುದಿ ಕೆಂಪಗೆ ಕಾದರೂ ಹರಿತವನ್ನು ಬಿಡದೆ ಲೋಹವನ್ನು ಸೀಳುತ್ತಿದ್ದುದನ್ನು ಕಂಡು ಪ್ರೇಕ್ಷಕರು ವಿಸ್ಮಿತರಾದರು; ಎಚ್‌ಎಸ್‌ಎಸ್ ಎಂದು ಇಂದು ನಾವು ಕರೆಯುವ ಆ ಉಕ್ಕಿನ ಹಳೆಯ ತಳಿಯಲ್ಲಿ ನೂರಕ್ಕೆ 18ರಷ್ಟು ಟಂಗ್‌ಸ್ಟನ್ ಇರುತ್ತಿತ್ತು. ಅನಂತರ ಜರ್ಮನಿಯಲ್ಲಿ, ವಿದ್ಯುದ್ದೀಪದ ತಂತಿಯನ್ನೆಳೆಯುವ ಅಚ್ಚುಗಳಿಗೆ ವಜ್ರದ ಬದಲು ಅಗ್ಗದ ವಸ್ತುವೊಂದನ್ನು ಅರಸುತ್ತಿದ್ದವರಿಗೆ ಟಂಗ್‌ಸ್ಟನ್ ಕಾರ್ಬೈಡಿನ ಪುಡಿಯನ್ನು ಕೋಬಾಲ್ಟಿನಿಂದ ಬಂಧಿಸುವ ಉಪಾಯವು 1923ರಲ್ಲಿ ಕೈಗೂಡಿತು. ಕ್ರುಪ್ ಸಂಸ್ಥೆಯು ಅದಕ್ಕಿಟ್ಟ ವಿಡಿಯಾ ಎಂಬ ಹೆಸರು ನಮ್ಮ ಹಳೆಯ ಟರ್ನರುಗಳ ಬಾಯಲ್ಲಿ ಈಗಲೂ ಉಳಿದಿದೆ.

ಡಬ್ಬದಲ್ಲಿ ಎಚ್‌ಎಸ್‌ಎಸ್ ಮತ್ತು ಕಾರ್ಬೈಡ್ ಎರಡೂ ಬೆರೆತಿರುತ್ತವೆ, ಎರಡರ ಬೆಲೆಯೂ ಒಂದೇ ಅಲ್ಲ; ಆದುದರಿಂದ ಮಾರಾಟಕ್ಕೆ ಮೊದಲು ಮಾಡಬೇಕಾದುದು ವಿಂಗಡಣೆ. ಅಯಸ್ಕಾಂತವನ್ನು ಹಿಡಿದು ಪರೀಕ್ಷಿಸುವ ರೂಢಿ ಇದೆಯಾದರೂ ಅದು ದಾರಿತಪ್ಪಿಸುವ ಸಾಧನ. ಏಕೆಂದರೆ ಉಕ್ಕು ಬಲವಾಗಿ ಅಂಟುವಂತೆ, ಕೋಬಾಲ್ಟಿನ ದೆಸೆಯಿಂದ ಕಾರ್ಬೈಡೂ ತಕ್ಕಮಟ್ಟಿಗೆ ಅಂಟುತ್ತದೆ. ಅಂಗೈಯೇ ಇಲ್ಲಿ ಮೇಲು: ಒಂದೇ ಗಾತ್ರದ ಉಕ್ಕಿಗಿಂತ ಕಾರ್ಬೈಡ್ ಹೆಚ್ಚುಕಡಿಮೆ ಎರಡು ಪಟ್ಟು ತೂಗುತ್ತದೆ. ಸಾಣೆಕಲ್ಲಿಗೆ ಹಿಡಿದರೆ ಸಾಧಾರಣ ಉಕ್ಕು ಕವಲೊಡೆಯುವ ಬಿಳಿಯ ಕಿಡಿಗಳನ್ನು ಹಾರಿಸುತ್ತದೆ, ಎಚ್‌ಎಸ್‌ಎಸ್ ಮಂಕಾದ ಕೆಂಪು ಕಿಡಿಗಳನ್ನು, ಕಾರ್ಬೈಡಾದರೋ ಕಲ್ಲಿನ ಬುಡದಲ್ಲಿಯೇ ನಂದಿಹೋಗುವ ಅತಿ ಗಿಡ್ಡನೆಯ ಕಿಡಿಗಳನ್ನು. (ಕೋಬಾಲ್ಟ್ ಬೆರೆತ ಆ ಧೂಳು ಶ್ವಾಸಕೋಶಕ್ಕೆ ಕೇಡು, ಮುಖಕ್ಕೆ ಮಾಸ್ಕ್ ಇಲ್ಲದೆ ಈ ಪರೀಕ್ಷೆ ಬೇಡ.) ಸೆರಾಮಿಕ್ ಮತ್ತು ಸರ್ಮೆಟ್ ಇನ್ಸರ್ಟುಗಳು ಆಕಾರದಲ್ಲಿ ಕಾರ್ಬೈಡನ್ನೇ ಹೋಲುವುವಾದರೂ ತೂಕದಲ್ಲಿ ಹಗುರ, ಅವು ನಾಲ್ಕು ಬೆರೆತಿದ್ದರೂ ಕೊಳ್ಳುವವನು ಇಡೀ ರಾಶಿಯ ದರವನ್ನು ಇಳಿಸಲು ಹಿಂಜರಿಯನು. ಬ್ರೇಜ್ ಮಾಡಿದ ಟೂಲುಗಳಲ್ಲಿ ಬೆಲೆಯೆಲ್ಲ ತುದಿಯ ತುಣುಕಿನಲ್ಲಿರುವುದರಿಂದ ಅದನ್ನು ಉಕ್ಕಿನ ಹಿಡಿಯಿಂದ ಬಿಡಿಸಿಯೇ ತೂಗಬೇಕು.

ಹೀಗೆ ಶೇಖರವಾದ ಕಾರ್ಬೈಡಿನ ಮುಂದಿನ ಗತಿ ಕುತೂಹಲಕರವಾದುದು. ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿದ ಸತುವಿನೊಳಗೆ ಅದನ್ನು ಮುಳುಗಿಸಿದಾಗ, ಸತುವು ಕೋಬಾಲ್ಟಿನೊಳಕ್ಕೆ ಹೊಕ್ಕು, ನೀರು ಕುಡಿದ ಸುಣ್ಣದ ಕಲ್ಲಿನಂತೆ ಆ ಕಠಿಣ ವಸ್ತುವು ಉಬ್ಬಿ ಬಿರಿಯುತ್ತದೆ. ಬಳಿಕ ನಿರ್ವಾತದಲ್ಲಿ ಸತುವನ್ನು ಆವಿಯಾಗಿಸಿ ತೆಗೆದರೆ, ಪುಡಿ ಮಾಡಿ ಮತ್ತೆ ಹೊಸ ಹತ್ಯಾರವನ್ನು ಒತ್ತಬಹುದಾದ ಸರಕು ದೊರೆಯುತ್ತದೆ. ಜಗತ್ತಿನ ಟಂಗ್‌ಸ್ಟನ್ ಅದಿರಿನ ಬಹುಪಾಲು ಚೀನಾ ಒಂದರಿಂದಲೇ ಬರುತ್ತಿರುವಾಗ ನಮ್ಮ ತಗಡಿನ ಡಬ್ಬವೂ ಒಂದು ಕಿರುಗಣಿಯೇ ಸರಿ.

ಆದರೆ ಬಳಸದೆ ಉಳಿದ ಹತ್ಯಾರದ ಲೆಕ್ಕವೇ ಬೇರೆ. ಆರ್ಡರು ನಿಂತುಹೋಗಿಯೋ ಯಂತ್ರವನ್ನು ಮಾರಿಯೋ ಬೀರುವಿನಲ್ಲುಳಿದ ಹೊಸ ಇನ್ಸರ್ಟುಗಳನ್ನು ತೂಕಕ್ಕೆ ಕೊಡುವುದು ಅವಿವೇಕ; ಅವುಗಳನ್ನು ಹತ್ಯಾರವೆಂದೇ ಮಾರಬೇಕು. ಡಬ್ಬದ ಮೇಲೆ ಸಿಎನ್‌ಎಂಜಿ 120408 ಎಂದಿದ್ದರೆ, ಬಲ್ಲವನು ಅದರಲ್ಲಿ 80 ಡಿಗ್ರಿಯ ಮೂಲೆಯನ್ನೂ 0.8 ಮಿಲಿಮೀಟರಿನ ತುದಿಯ ತ್ರಿಜ್ಯವನ್ನೂ ಓದಿಕೊಳ್ಳುತ್ತಾನೆ. ಯಾವ ಲೋಹವನ್ನು ಕೊರೆಯಲು ತಕ್ಕದ್ದೆಂಬುದನ್ನು ಗ್ರೇಡಿನ ಗುರುತು ಹೇಳುತ್ತದೆ, ಹೊಂಬಣ್ಣದ ಲೇಪ ಹೇಳದು. ಡಬ್ಬದಿಂದ ಹೊರಬಿದ್ದು ಬೆರೆತುಹೋದ ಇನ್ಸರ್ಟನ್ನು ಹೊಸದೆಂದು ನಂಬಿ ಕೊಳ್ಳುವವರು ವಿರಳ. ಜೇಬಿನಲ್ಲಿ ಅಡಗಿಸಿ ಸಾಗಿಸಬಹುದಾದ ಬೆಲೆಬಾಳುವ ವಸ್ತುವಾದ್ದರಿಂದ ಕಳವಿನ ಮಾಲೂ ಈ ಪೇಟೆಗೆ ಬರಬಹುದು. ಖರೀದಿಯ ಬಿಲ್ ತೋರಿಸಿರೆಂದು ವ್ಯಾಪಾರಿಯು ಕೇಳಿದರೆ ಮಾರುವವನು ಮುನಿಯಬೇಕಾದುದಿಲ್ಲ.